ಮೂರನೇ ತಿರುವಿನಲ್ಲಿ ನಿಲ್ಲುತ್ತಿದ್ದ ಆಟ

ನಮ್ಮ ಮನೆಯ ಕಂಪ್ಯೂಟರ್ ಬೀರುವಿನೊಳಗೆ ವಾಸವಾಗಿತ್ತು. ನಗುವವರು ನಗಲಿ. ಮಲ್ಲಂದೂರಿನಿಂದ ಮೇಲಿನ ಕಾಫಿ ತೋಟಗಳಲ್ಲಿ ಬಾಳಿದವರಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಜೂನ್ ಬಂತೆಂದರೆ ಚರ್ಮದ ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೆ ಬೂಷ್ಟು, ರೇಷ್ಮೆ ಸೀರೆಯ ಮಡಿಕೆಗೂ ಬೂಷ್ಟು. ಅದಕ್ಕೆ ಪ್ರತಿ ಬೀರುವಿನೊಳಗೂ ಒಂದು ನಲವತ್ತು ಕ್ಯಾಂಡಲ್ ಬಲ್ಬು ಇಳಿಬಿಟ್ಟು, ಹಗಲೂ ರಾತ್ರಿ ಉರಿಸಿ, ಬಾಗಿಲು ಹಾಕಿಡುವುದು ನಮ್ಮ ಕಡೆಯ ಪದ್ಧತಿ. ತೋಟದ ಲೆಕ್ಕಕ್ಕೆಂದು ಕಂಪ್ಯೂಟರ್ ತಂದ ದಿನ ಅಮ್ಮ ಅದರ ಡಬ್ಬವನ್ನು ಬೀಟೆ ಬೀರುವಿನ ಕೆಳಖಾನೆಯಲ್ಲಿ ಇಡಿಸಿ, ಹಿಂದೆ ತೂತು ಕೊರೆಸಿ ವೈರುಗಳನ್ನು ಹೊರಗೆ ತರಿಸಿ, ಮೇಲೊಂದು ಬಲ್ಬು ಹಾಕಿಸಿದಳು. ಮಾನಿಟರ್ ಮಾತ್ರ ಹೊರಗೆ ಮೇಜಿನ ಮೇಲೆ. "ಇಷ್ಟು ದುಡ್ಡಿನ ವಸ್ತುವಿಗೆ ಬೂಷ್ಟು ಹಿಡಿದ್ರೆ ಯಾರಮ್ಮ ಉತ್ರ ಕೊಡೋರು?" ಎಂದಳು. ನಾನೂ ಹೌದೆಂದೆ. ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳು ನಾನು, ಆ ಡಿಪ್ಲೊಮಾಕ್ಕಿಷ್ಟು ಬೆಂಕಿ ಹಾಕ!

ಡಿಪ್ಲೊಮಾ ಕಲಿತ ಕಡೆಯೇ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಎರಡು ಜೊತೆ ಹೊಸ ಚೂಡಿದಾರ್ ಹೊಲಿಸಿಕೊಂಡಿದ್ದೆ, ಅಲ್ಲೇ ಒಂದು ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿರಲು ಕೋಣೆಯನ್ನೂ ನೋಡಿಟ್ಟಿದ್ದೆ. ಅಷ್ಟರಲ್ಲಿ ಅಪ್ಪ ಜೀಪು ಸಮೇತ ಮೂರನೇ ತಿರುವಿನಿಂದ ಕೆಳಗೆ ಹೋದರು. ಮಲ್ಲಂದೂರಿನಿಂದ ನಮ್ಮ ಮನೆಗೆ ಹತ್ತುವ ರಸ್ತೆಯಲ್ಲಿ ಹುಟ್ಟಿದಾಗಿನಿಂದ ಓಡಾಡಿದವರು ಅವರು. ಒಂದು ಸಿಲ್ವರ್ ಓಕ್ ಮರ ಜೀಪನ್ನು ತಡೆಯಿತು, ಇಲ್ಲದಿದ್ದರೆ ಹಳ್ಳವೇ ಗತಿ. ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕಿಸಿಕೊಂಡು ಮನೆಗೆ ಬಂದು ಮಲಗಿದರು, ಆಮೇಲೆ ಕುರ್ಚಿಗೆ ಬಂದರು.

ನೋಡಲು ಬಂದವರಿಗೆಲ್ಲ ಅಪ್ಪ ಹೇಳಿದ್ದು ಒಂದೇ: "ಕಾಟಿ ಅಡ್ಡ ಬಂತು ಮಾರಾಯ." ನಮ್ಮ ಕಡೆ ಕಾಡುಕೋಣಕ್ಕೆ ಕಾಟಿ ಎನ್ನುತ್ತಾರೆ. ಮೊದಮೊದಲು ಅದು ಬರೀ ಕಾಟಿಯಾಗಿತ್ತು. ಪಕ್ಕದ ತೋಟದವರು ಬಂದಾಗ ಒಂಟಿ ಸಲಗದಂಥ ಕಾಟಿಯಾಯಿತು. ನೆಂಟರು ಬರುವ ಹೊತ್ತಿಗೆ ಅದು ಜೀಪಿನ ಟಾಪಿನಷ್ಟು ಎತ್ತರ ಬೆಳೆದು, ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿತ್ತು. ಅಮ್ಮ ಕೈಮುಗಿದು, ಗಂಡನನ್ನು ಉಳಿಸಿಕೊಟ್ಟದ್ದಕ್ಕೆ ಹೊರನಾಡಿನ ಅಮ್ಮನವರಿಗೆ ಸೀರೆ ಹರಕೆ ಹೊತ್ತಳು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಒಬ್ಬಳೇ ಮಗಳು. ಬಸ್ಸು ಬರುವುದು ಮಲ್ಲಂದೂರಿನವರೆಗೆ, ಅಲ್ಲಿಂದ ಮೇಲಕ್ಕೆ ಜೀಪೇ ಆಗಬೇಕು. ಜೀಪು ಗ್ಯಾರೇಜಿನಿಂದ ರಿಪೇರಿಯಾಗಿ ಬಂದು ಶೆಡ್ಡಿನಲ್ಲಿ ನಿಂತಿತ್ತು. ಆದರೆ ಅಪ್ಪ ತಮ್ಮ ಜೀಪಿನ ಸ್ಟೇರಿಂಗನ್ನು ಯಾರಿಗೂ ಕೊಟ್ಟವರಲ್ಲ. ತೋಟದ ಲೆಕ್ಕ ಬರೆಯುವ ರೈಟರಿಗೆ ಕೊಡಲಿಲ್ಲ, ಮೇಸ್ತ್ರಿಗೆ ಕೊಡಲಿಲ್ಲ, ನನಗೆ ಕೊಡುವ ಮಾತೇ ಇಲ್ಲ.

"ನಾನೇ ಕಲೀತೀನಿ ಅಪ್ಪ, ಒಂದು ವಾರ ಕೊಡಿ," ಎಂದೆ.

"ಹೆಣ್ಮಕ್ಳು ಈ ಇಳಿಜಾರಲ್ಲಿ ಜೀಪು ಓಡ್ಸೋದಾ? ಸುಮ್ನಿರು ಮಾರಾಯ್ತಿ. ದಸರಾದೊಳ್ಗೆ ನಾನೇ ಓಡಿಸ್ತೀನಿ. ನಾನು ಓಡಿಸಿದ್ ಮಾರನೇ ದಿನ ನೀನು ನಿನ್ನ ಕೆಲ್ಸಕ್ಕೆ ಹೋಗು."

ಕೆಲಸ ಕೊಟ್ಟವರೂ ದಸರಾವರೆಗೆ ಕಾಯುತ್ತೇವೆಂದಿದ್ದರು. ಹಾಗಾಗಿ ನನ್ನ ಇಡೀ ಬಾಳು ಅಪ್ಪನ ಒಂದು ಸೊಂಟದ ಮೇಲೆ ನಿಂತಿತ್ತು. ಅವರೋ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಲು ಒಲ್ಲರು. ಕುರ್ಚಿಯಲ್ಲಿ ಕೂತು ಕಿಟಕಿಯ ಆಚೆ ಕೂಲಿಯವರ ಮೇಲೆ ಕೂಗಾಡುವುದು, ಒಳಗೆ ನಮ್ಮ ಮೇಲೆ ಕೂಗಾಡುವುದು, ಇಷ್ಟೇ. ಕೆಲವು ಸಲ ಊಟದ ನಡುವೆ ರೊಟ್ಟಿ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು. "ಇವ್ರೇ, ಎಲ್ಲಿಗೆ ಹೋದ್ರಿ? ರೊಟ್ಟಿ ಆರುತ್ತೆ," ಎಂದು ಅಮ್ಮ ಗದರಿದರೆ ಬೆಚ್ಚಿ ತಿನ್ನುತ್ತಿದ್ದರು. ತೋಟದ ಚಿಂತೆ ಎಂದುಕೊಂಡೆವು.

ಬೇಸರ ತಡೆಯಲಾರದೆ ಒಂದು ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಹಾಕಿದೆ. ಗೆಳತಿಯೊಬ್ಬಳು ಸೀಡಿಯಲ್ಲಿ ಕೊಟ್ಟಿದ್ದು. ಬೆಟ್ಟದ ದಾರಿ, ಒಂದು ಕಡೆ ಗೋಡೆಯಂತೆ ಎದ್ದ ಧರೆ, ಇನ್ನೊಂದು ಕಡೆ ಪ್ರಪಾತ. ಅಪ್ಪ ಕುರ್ಚಿಯಿಂದಲೇ ಶುರು ಮಾಡಿದರು.

"ಹಾರನ್ ಹೊಡಿ! ತಿರುವಲ್ಲಿ ಹಾರನ್ ಹೊಡೀದೆ ಹೋಗ್ತಾರೇನೇ? ಗೇರು ಇಳ್ಸು!"

"ಇದಕ್ಕೆ ಗೇರಿಲ್ಲ ಅಪ್ಪ, ತಾನೇ ಬದಲಾಗುತ್ತೆ."

"ಗೇರಿಲ್ದೇ ಇರೋ ಗಾಡಿ ಎಂಥ ಗಾಡಿ ಅದು! ಕೊಡು ಇಲ್ಲಿ."

ಬಾಣದ ಗುರುತಿನ ನಾಲ್ಕು ಕೀಗಳನ್ನು ತೋರಿಸಿಕೊಟ್ಟೆ. ದಪ್ಪ ಬೆರಳುಗಳಿಂದ ಕೀಗಳನ್ನು ಕುಕ್ಕುತ್ತ ಹೊರಟರು. ತಮಾಷೆಯೆಂದರೆ, ಕೈ ಓಡಿಸುತ್ತಿದ್ದರೂ ಕಾಲು ಸುಮ್ಮನಿರಲಿಲ್ಲ. ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಡಾಕ್ಟರು ಗೋಗರೆದರೂ ಅಲುಗದ ಕಾಲು! ಅಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿ ನನಗೆ ಕಣ್ಸನ್ನೆ ಮಾಡಿದಳು, ಆಡಲಿ ಬಿಡು ಎಂದು.

ಒಂದನೇ ತಿರುವು ದಾಟಿದರು. ಎರಡನೆಯದು ದಾಟಿದರು. ಮೂರನೇ ತಿರುವಿನಲ್ಲಿ, ಮರಗಳ ಗುಂಪು ಎದುರಾದ ಕೂಡಲೇ ಚಿತ್ರ ಗಕ್ಕನೆ ನಿಂತಿತು. ಕೀ ಒತ್ತಿದರೂ ಇಲ್ಲ, ಬಿಟ್ಟರೂ ಇಲ್ಲ. ಮತ್ತೆ ಚಿತ್ರ ಅಲುಗಿದಾಗ ಕಾರು ಪ್ರಪಾತದೊಳಗೆ ಉರುಳುತ್ತಿತ್ತು.

ನಾನು ನಕ್ಕೆ. ಅಪ್ಪನ ಮುಖ ನೋಡಿ ನಗು ನಿಂತಿತು. ಹಣೆಯಲ್ಲಿ ಬೆವರು, ಎರಡೂ ಕೈ ಮೇಜಿನ ಅಂಚನ್ನು ಹಿಡಿದಿದ್ದವು.

"ಎಂತ ಆಯ್ತು ಅದು?" ಎಂದರು.

"ಕಂಪ್ಯೂಟರ್ ನಿಂತಿತು ಅಪ್ಪ. ಅದಕ್ಕೆ ತಾಕತ್ತು ಸಾಲದು."

"ಕಂಪ್ಯೂಟರೇ ನಿಂತಿದ್ದಾ? ಸರಿಯಾಗ್ ನೋಡ್ದ್ಯಾ?"

"ಹೌದು, ನಾನೂ ನೋಡ್ದೆನಲ್ಲ."

ಅವರಿಗೆ ಎಷ್ಟೋ ಸಮಾಧಾನವಾದಂತೆ ಕಂಡಿತು. "ಹಂಗಾರೆ ಅದನ್ನ ಸರಿ ಮಾಡು. ನಿಲ್ಲದ ಹಂಗೆ ಮಾಡು. ನಂಗೆ ಗೊತ್ತಾಗ್ಬೇಕು," ಎಂದರು. ಏನು ಗೊತ್ತಾಗಬೇಕು ಎಂದು ಕೇಳಿದ್ದಕ್ಕೆ "ಏನಿಲ್ಲ, ನಿನ್ನ ಓದು ಎಷ್ಟಕ್ಕೆ ಬರುತ್ತೆ ಅಂತ," ಎಂದು ಬಾಯಿ ಮುಚ್ಚಿಸಿದರು.

ಮರುದಿನದಿಂದ ನಮ್ಮ ಮನೆಯಲ್ಲಿ ಅದೇ ಉದ್ಯೋಗ. ಅಪ್ಪ ಓಡಿಸುವುದು, ಮೂರನೇ ತಿರುವಿನಲ್ಲಿ ಆಟ ನಿಲ್ಲುವುದು, ನಾನು ಆಟದ ಸೆಟ್ಟಿಂಗ್ಸಿಗೆ ಹೋಗಿ ಒಂದೊಂದೇ ಅಲಂಕಾರ ಕಿತ್ತುಹಾಕುವುದು. ಕಂಪ್ಯೂಟರಿನಲ್ಲಿ ಗ್ರಾಫಿಕ್ಸಿಗೆಂದು ಬೇರೆ ಕಾರ್ಡಿರಲಿಲ್ಲ, ಇದ್ದ ಅಷ್ಟಿಷ್ಟು ಮೆಮೊರಿಯಲ್ಲೇ ಅದಕ್ಕೂ ಪಾಲು. ಆಟ ನೋಡಿದರೆ ಕಾರಿನ ಬಾನೆಟ್ಟಿನಲ್ಲಿ ಮೋಡದ ಪ್ರತಿಬಿಂಬ ತೋರಿಸಲು ಹೊರಟಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಮೊದಲು ಆ ಪ್ರತಿಬಿಂಬ ತೆಗೆದೆ. ರೆಸಲ್ಯೂಶನ್ ಇಳಿಸಿದೆ, ಚಿತ್ರ ಒರಟಾಯಿತು. ಬಣ್ಣವನ್ನು ಮೂವತ್ತೆರಡು ಬಿಟ್ಟಿನಿಂದ ಹದಿನಾರಕ್ಕೆ ತಂದೆ, ಆಕಾಶದಲ್ಲಿ ಪಟ್ಟೆ ಪಟ್ಟೆ ಮೂಡಿತು. ಎಷ್ಟು ದೂರದವರೆಗೆ ಕಾಣಬೇಕು ಎಂಬುದನ್ನು ಅರ್ಧಕ್ಕಿಳಿಸಿದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಮರಗಳಿಗೆ ಕೈ ಹಾಕಿದಾಗ ಅಪ್ಪ ರೇಗಿದರು. ಮಳೆಗಾಲಕ್ಕೆ ಮುಂಚೆ ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸವನ್ನು ಅವರು ಯಾವತ್ತೂ ಮುಂದೆ ನಿಂತೇ ಮಾಡಿಸುತ್ತಿದ್ದರು.

"ಏ, ಏ! ಇದೆಂತ ಮರಗಸಿನೇ ನಿಂದು? ಬುಡಕ್ಕೇ ತೆಗೆದ್ಯಲ್ಲ! ಹೀಗೆ ಬೋಳು ಮಾಡಿದ್ರೆ ಕಾಫಿ ಉಳಿಯುತ್ತೇನೇ?"

"ಇಲ್ಲಿ ಕಾಫಿ ಇಲ್ಲ ಅಪ್ಪ. ನಿಮಗೆ ಮರ ಬೇಕೋ, ಆಟ ನಿಲ್ದೇ ಇರೋದು ಬೇಕೋ?"

"ಮರ ಇಲ್ದಿರೋ ದಾರಿ ದಾರಿನಾ? ಮಂಜೂ ತೆಗೆದೆ, ನೆರಳೂ ತೆಗೆದೆ. ಇದು ಬಯಲುಸೀಮೆ ಆಯ್ತು," ಎಂದು ಗೊಣಗುತ್ತಲೇ ಓಡಿಸಿದರು. ಬೋಳು ಗುಡ್ಡದಲ್ಲಿ, ನೆರಳಿಲ್ಲದ ಕಾರಿನಲ್ಲಿ ಹೋಗಿ, ಕೊನೆಗೂ ಚಿತ್ರ ನಿಂತು, ಪ್ರಪಾತಕ್ಕೆ ಬಿದ್ದರು. "ನೋಡು! ಯಂತ್ರ ಸರಿ ಇಲ್ಲ," ಎಂದು ಗೆದ್ದವರಂತೆ ಹೇಳಿದರು. ಒಳಗಿನಿಂದ ಅಮ್ಮ, "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದಳು.

ಇದು ಎಷ್ಟು ದಿನ ನಡೆಯಿತೋ. ಕಿಟಕಿಯಾಚೆ ಮಳೆ, ಒಳಗೆ ಅದೇ ಬೆಟ್ಟ, ಅದೇ ಮೂರು ತಿರುವು. ಇಡೀ ಪ್ರಪಂಚದಲ್ಲಿ ನನ್ನ ಕೈಯಲ್ಲಿ ಬದಲಾಯಿಸಲು ಇದ್ದದ್ದು ಆ ಸೆಟ್ಟಿಂಗ್ಸ್ ಪುಟ ಒಂದೇ ಎನ್ನಿಸಿ ಅಳು ಬರುತ್ತಿತ್ತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೂ ಉಂಟು. ಹೊಸ ಚೂಡಿದಾರ್‌ಗಳು ಬೀರುವಿನಲ್ಲಿ ಬಲ್ಬಿನ ಕೆಳಗೆ ಬೆಚ್ಚಗೆ ಮಡಿಸಿಕೊಂಡಿದ್ದವು. ಇಷ್ಟರ ನಡುವೆ ಅಪ್ಪನ ಕಾಲು ಮಾತ್ರ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಕೋಲು ಹಿಡಿದು ಶೆಡ್ಡಿನವರೆಗೆ ನಡೆದು, ಜೀಪಿನ ಬಾನೆಟ್ ತಟ್ಟಿ ಬರತೊಡಗಿದರು. ಡಾಕ್ಟರು, ಇನ್ನು ಓಡಿಸಬಹುದು ಎಂದರು. ನಾನು ಪೇಯಿಂಗ್ ಗೆಸ್ಟ್ ಮನೆಗೆ ಫೋನ್ ಮಾಡಿ ಕೋಣೆ ಖಾಲಿ ಇದೆಯೇ ಎಂದು ಕೇಳಿದೆ. ಇದೆ ಎಂದರು. ಆದರೆ ಅಪ್ಪ ಇವತ್ತು ನಾಳೆ ಎನ್ನುತ್ತ ಜೀಪು ಹತ್ತಲಿಲ್ಲ. "ಮೊದ್ಲು ಅದನ್ನ ಸರಿ ಮಾಡು," ಎಂದು ಕಂಪ್ಯೂಟರಿನ ಕಡೆ ಬೆರಳು ತೋರಿಸುತ್ತಿದ್ದರು. ಇದೆಂಥ ಹಟ, ಈ ಮುದುಕನಿಗೆ ಬುದ್ಧಿ ಕೆಟ್ಟಿದೆ ಎಂದು ಅಮ್ಮನ ಹತ್ತಿರ ಹಾರಾಡಿದೆ.

ಅಷ್ಟರಲ್ಲಿ ಬಲ್ಬು ಸುಟ್ಟುಹೋಯಿತು. ಮನೆಯಲ್ಲಿ ಹೆಚ್ಚಿಗೆ ಬಲ್ಬಿರಲಿಲ್ಲ, ಮಲ್ಲಂದೂರಿನಿಂದ ತರಿಸಬೇಕಿತ್ತು. ಆ ಮಧ್ಯಾಹ್ನ ಅಪ್ಪ ಆಟಕ್ಕೆ ಕೂತರು. ಮೂರನೇ ತಿರುವು ಬಂತು, ದಾಟಿತು. ನಾಲ್ಕನೆಯದು ಬಂತು. ನಾವಿಬ್ಬರೂ ಅದುವರೆಗೆ ಆ ದಾರಿಯನ್ನು ಕಂಡೇ ಇರಲಿಲ್ಲ. ಅಪ್ಪ ಮಗುವಿನಂತೆ ಕೂಗಿದರು. ಮಾರನೇ ದಿನ ಅಮ್ಮ ಹೊಸ ಬಲ್ಬು ಹಾಕಿದಳು, ಆಟ ಮತ್ತೆ ನಿಂತಿತು. ಆಗ ನನ್ನ ಮಂಡೆಗೆ ಹೊಳೆಯಿತು. ಓಡಿಹೋಗಿ ಬೀರುವಿನ ಬಾಗಿಲು ತೆಗೆದರೆ ಬಿಸಿ ಝಳ ಮುಖಕ್ಕೆ ಹೊಡೆಯಿತು. ಡಬ್ಬದ ಮೇಲೆ ಕೈ ಇಡಲಾಗಲಿಲ್ಲ. ಕಾದ ಕಂಪ್ಯೂಟರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲೂ ಬರೆದವಳು ನಾನು. ಆದರೆ ಈ ಸೀಮೆಯಲ್ಲಿ ಹುಟ್ಟಿದವರಿಗೆ ಬೀರುವಿನೊಳಗೆ ಬಲ್ಬು ಉರಿಯುವುದು ಕಣ್ಣಿಗೇ ಬೀಳುವುದಿಲ್ಲ.

"ಅಮ್ಮಾ! ಬೂಷ್ಟು ಹಿಡೀಬಾರ್ದು ಅಂತ ಬೇಯಿಸಿ ಇಟ್ಟಿದ್ದೀಯಲ್ಲೇ ಇದನ್ನ!"

"ನಾನೆಂತ ಕಂಡೆ! ಓದಿದೋಳು ನೀನು, ಹೇಳ್ಬೇಕಿತ್ತು," ಎಂದಳು. ಬಲ್ಬು ಬಿಚ್ಚಿ, ಡಬ್ಬವನ್ನು ಎಳೆದು ತಂದು ಮೇಜಿನ ಮೇಲೆ ಗಾಳಿಗಿಟ್ಟೆ.

ಕಂಪ್ಯೂಟರಿನ ಬಿಸಿ ಆರಿದ ಮೇಲೆ ಕಿತ್ತದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಂದೆ. ಬಣ್ಣ ತಂದೆ, ಮಂಜು ತಂದೆ. ಅಪ್ಪ ಪಕ್ಕದಲ್ಲಿ ಕೂತು, "ಮರ ಹಾಕು. ಇನ್ನೂ ಹಾಕು. ನೆರಳೂ ಹಾಕು," ಎಂದು ಹೇಳುತ್ತಿದ್ದರು. ಪರದೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತಿದೆ ಎಂದು ತೋರಿಸುವ ಸಂಖ್ಯೆಯೊಂದನ್ನೂ ಕಾಣುವಂತೆ ಮಾಡಿದೆ. ಆಟ ನಿಂತರೆ ಅದು ಸೊನ್ನೆಯ ಹತ್ತಿರ ಬೀಳುತ್ತದೆ, ಓಡುತ್ತಿದ್ದರೆ ಮೂವತ್ತರ ಸುತ್ತ ಇರುತ್ತದೆ ಎಂದು ಅಪ್ಪನಿಗೆ ವಿವರಿಸಿದೆ. ಅವರು ಅದನ್ನು ಎರಡು ಸಲ ಕೇಳಿ ತಿಳಿದುಕೊಂಡರು.

"ಇವತ್ತು ಇದು ನಿಲ್ಲಲ್ಲ ತಾನೇ?"

"ನಿಲ್ಲಲ್ಲ."

"ಖಂಡಿತ?"

"ಅಯ್ಯೋ, ಖಂಡಿತ ಅಪ್ಪ! ಓಡ್ಸಿ. ನಾಳೆ ಜೀಪು ತೆಗೀರಿ, ನಾಡಿದ್ದು ನಾನು ಹೊರಟೆ."

ಓಡಿಸಿದರು. ಎಷ್ಟು ಚಂದ ಓಡಿಸಿದರು! ಮೂರನೇ ತಿರುವನ್ನು ಹೂವು ಎತ್ತಿದಂತೆ ದಾಟಿದರು. ಆಮೇಲೆ ನೇರ ದಾರಿ. ಎರಡೂ ಕಡೆ ಮರ, ಮರದ ಸಂದಿಯಿಂದ ಬಿಸಿಲು, ರಸ್ತೆಯ ಮೇಲೆ ಬೆಳಕು ನೆರಳಿನ ಪಟ್ಟೆಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ನಮ್ಮದೇ ರಸ್ತೆಯ ಹಾಗಿತ್ತು. ಮುಂದೆ ದಾರಿ ಮೆಲ್ಲಗೆ ಎಡಕ್ಕೆ ಬಾಗಿತು. ಅದು ತಿರುವೇ ಅಲ್ಲ, ಎಳೆ ಮಕ್ಕಳೂ ತಿರುಗಿಸುವಂಥ ಬಾಗು. ಕಾರು ಬಾಗಲಿಲ್ಲ. ನೇರ ಹೋಗಿ, ಕಲ್ಲಿನ ಕಟ್ಟೆ ಒಡೆದು, ಕೆಳಗೆ ಬಿತ್ತು. ಅಪ್ಪನ ಬೆರಳು ಮೇಲಿನ ಬಾಣದ ಕೀಯನ್ನು ಒತ್ತಿಕೊಂಡೇ ಇತ್ತು. ಕಣ್ಣು ಪರದೆಯ ಮೇಲಿತ್ತು, ನೋಡುತ್ತಿರಲಿಲ್ಲ. ತುಟಿ ಏನನ್ನೋ ಜಗಿಯುವಂತೆ ಆಡುತ್ತಿತ್ತು.

ನಂತರ ಅವರು ಉಸಿರೆಳೆದು, ಉರುಳಿಬಿದ್ದ ಕಾರನ್ನು ನೋಡಿದರು.

"ಮತ್ತೆ ನಿಂತ್ಹೋಯ್ತಲ್ಲೇ," ಎಂದರು.

ಮೂಲೆಯ ಸಂಖ್ಯೆ ಮೂವತ್ತರಿಂದ ಅಲುಗಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಹೌದು ಅಪ್ಪ, ನಿಂತಿತು, ಇನ್ನೊಂದು ಸಲ ಸರಿ ಮಾಡುತ್ತೇನೆ ಎಂದು ಹೇಳಿಬಿಡಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿದ್ದರೆ ಅವರು ಜೀಪು ಹತ್ತುತ್ತಿದ್ದರು, ಪಕ್ಕದಲ್ಲಿ ಅಮ್ಮ ಕೂರುತ್ತಿದ್ದಳು, ನಾನು ಚಿಕ್ಕಮಗಳೂರಿನಲ್ಲಿರುತ್ತಿದ್ದೆ.

"ನಿಂತಿಲ್ಲ ಅಪ್ಪ," ಎಂದೆ.

"ಮರ ಜಾಸ್ತಿ ಆಯ್ತು. ಅದಕ್ಕೇ ನಿಂತಿದ್ದು."

"ನಿಂತಿಲ್ಲ."

ಅವರು ಮೂಲೆಯ ಸಂಖ್ಯೆಯನ್ನು ನೋಡಿದರು. ಆಮೇಲೆ ಕೀಬೋರ್ಡನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಅವತ್ತು ಕಾಟಿ ಬಂದಿರ್ಲಿಲ್ಲ ಕಣೇ," ಎಂದರು. "ಕಾಟಿನೂ ಇಲ್ಲ ಎಂಥದೂ ಇಲ್ಲ. ದಾರಿ ನಿಂತ್ಹೋಯ್ತು. ಮತ್ತೆ ನೋಡಿದ್ರೆ ನಾನು ಕೆಳಗಿದ್ದೆ. ಇಲ್ಲೂ ಹಂಗೇ ಆಗ್ತಿತ್ತು. ಯಂತ್ರ ನಿಲ್ಲುತ್ತೋ, ನಾನು ನಿಲ್ತೀನೋ ಗೊತ್ತಾಗ್ತಿರ್ಲಿಲ್ಲ."

ಅಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಲೋಟಗಳನ್ನು ಮೇಜಿನ ಮೇಲಿಟ್ಟಳು. ಏನು ಮಾಡಬೇಕೆಂದು ತೋಚದೆ, ಬಿಚ್ಚಿಟ್ಟಿದ್ದ ಬಲ್ಬನ್ನು ತೆಗೆದುಕೊಂಡು ಹೋಗಿ ಖಾಲಿ ಬೀರುವಿನೊಳಗೆ ಹಾಕಿ ಸ್ವಿಚ್ ಒತ್ತಿದಳು. ನಮಗೆ ಬೆನ್ನು ಮಾಡಿ ಅಲ್ಲೇ ನಿಂತಳು. ನನಗೆ ಆ ಕ್ಷಣ ಅಪ್ಪನ ಮೇಲೆ ಕನಿಕರ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಇಷ್ಟು ದಿನ ಸರಿ ಮಾಡು ಸರಿ ಮಾಡು ಎಂದು ಪೀಡಿಸಿ, ನನ್ನ ಕೈಯಿಂದಲೇ ನಾನು ಹೊರಡುವ ಬಾಗಿಲು ಹಾಕಿಸಿದರಲ್ಲ ಎಂದು.

ನರದ ಡಾಕ್ಟರು ಅದು ಕಣ್ಣು ತೆರೆದಿದ್ದೂ ಎಚ್ಚರ ತಪ್ಪುವ ಒಂದು ಬಗೆಯ ಮೂರ್ಛೆರೋಗವೆಂದು ಹೇಳಿ ಮಾತ್ರೆ ಬರೆದುಕೊಟ್ಟರು. ಕೆಲವರಿಗೆ ಅದು ಬರಲು ಬೆಳಕು ನೆರಳು ಮಿಣುಕುವುದೇ ಸಾಕಾಗುತ್ತದೆ, ಇವರಿಗೂ ಅದೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಅಪ್ಪ ತಲೆಯಾಡಿಸಿದರು. ಬಾಡಿಗೆ ಕಾರಿನಲ್ಲಿ ಮನೆಗೆ ಬಂದೆವು.

ಮಾರನೇ ಬೆಳಿಗ್ಗೆ ಶೆಡ್ಡಿನಿಂದ ಹಾರನ್ ಕೇಳಿಸಿತು. ಬರಿಗಾಲಲ್ಲೇ ಓಡಿದೆ. ಅಪ್ಪ ಎಡಗಡೆಯ ಸೀಟಿನಲ್ಲಿ ಕೂತು, ಕೈ ಚಾಚಿ ಹಾರನ್ ಒತ್ತುತ್ತಿದ್ದರು. ತಮ್ಮ ಜೀಪಿನ ಎಡಗಡೆ ಅವರು ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಕೀ ಸ್ಟೇರಿಂಗ್ ಎದುರಿನ ಸೀಟಿನ ಮೇಲಿತ್ತು.

"ಹತ್ತು. ಕ್ಲಚ್ ಒತ್ತು. ಇದಕ್ಕೆ ಗೇರಿದೆ, ನಿನ್ನ ಆಟದ ಹಂಗಲ್ಲ."

ಅಂಗಳದಲ್ಲಿ, ಆಮೇಲೆ ತೋಟದ ದಾರಿಯಲ್ಲಿ ಕಲಿಸಿದರು. ಬೈದರು, ಮಂಡೆ ಚಚ್ಚಿಕೊಂಡರು, ಒಮ್ಮೆ ಇಳಿದು ನಡೆದೇ ಹೋಗುತ್ತೇನೆಂದರು. ಕೊನೆಗೊಂದು ದಿನ ಡಾಂಬರು ರಸ್ತೆಗೆ ಇಳಿಸಿದೆ. ಮೂರನೇ ತಿರುವಿನ ಹತ್ತಿರ ಬಂದಾಗ ಅಪ್ಪ ಎದುರಿನ ಸರಳನ್ನು ಹಿಡಿದುಕೊಂಡು, "ನಾನು ನಿಂತ್ಹೋದ್ರೂ ನೀ ನಿಲ್ಬೇಡ," ಎಂದರು. ನಾನು ಹಾರನ್ ಹೊಡೆದು, ಗೇರು ಇಳಿಸಿ, ತಿರುಗಿಸಿದೆ.

ಮಲ್ಲಂದೂರು ಮುಟ್ಟಿದೆವು. ಚಿಕ್ಕಮಗಳೂರಿನ ಬಸ್ಸು ಅಲ್ಲೇ ನಿಂತಿತ್ತು, ಕಂಡಕ್ಟರ್ ಬಾಗಿಲಲ್ಲಿ ನಿಂತು ಜನರನ್ನು ಕರೆಯುತ್ತಿದ್ದ. ಅಪ್ಪ ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು. ಎಷ್ಟು ತಿಂಗಳಿಂದ ಈ ಕೀಗಾಗಿ ಹಾತೊರೆದಿದ್ದೆ! ಅದು ಈಗ ನನ್ನ ಕೈಯಲ್ಲೇ ಇತ್ತು, ಆದರೆ ನಾನು ಬಸ್ಸು ಹತ್ತಿದರೆ ಅಪ್ಪನನ್ನು ಮೇಲಕ್ಕೆ ಕರೆದೊಯ್ಯಲು ಯಾರೂ ಇರಲಿಲ್ಲ. ನಾನು ಜೀಪನ್ನು ರಿವರ್ಸ್ ತೆಗೆದು ಮನೆಯ ಕಡೆಗೆ ತಿರುಗಿಸಿದೆ.